ಗೋರ್ವಾ, ಕ್ರಮಸಂಖ್ಯೆ ಹತ್ತು

ಬೋಪಾಲ್, ಅಹಮದಾಬಾದ್
೬ ಜನವರಿ ೨೦೨೫

ಶ್ರೀಮತಿ ಮಹಿಮಾ ಅವರಿಗೆ,

ವಂದನೆಗಳು. ಗುಜರಾತಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗಾಗಿ ಲೂಕನ ಸುವಾರ್ತೆಯನ್ನು ಧ್ವನಿಮುದ್ರಿಸುವ ಕೆಲಸ ಕೊನೆಯ ಹಂತಕ್ಕೆ ಬಂದಿದೆ. ಹದಿನೈದನೆಯ ಅಧ್ಯಾಯದ ಭಾಷಾಂತರ ನನ್ನದು. ವಡೋದರಾದಲ್ಲಿ ಅದನ್ನು ಪರೀಕ್ಷಿಸುವ ಹೊಣೆಯನ್ನು ಸಮಿತಿ ನಿಮಗೆ ಒಪ್ಪಿಸಿದೆ ಎಂದು ಕಾರ್ಯದರ್ಶಿ ಸೌಮ್ಯಾ ಸೂರತ್‌ನಿಂದ ತಿಳಿಸಿದ್ದಾರೆ. ಈ ಆಯ್ಕೆ ನನ್ನದಲ್ಲ. ನನ್ನನ್ನು ಕೇಳಿದ್ದರೆ ಬೇರೆ ಹೆಸರು ಹೇಳುತ್ತಿದ್ದೆ.

ಏಳು ವರ್ಷಗಳ ಹಿಂದೆ ಹನ್ನೆರಡು ಜನರ ಸಭೆಯಲ್ಲಿ ಎದ್ದು ನಿಂತು ನನ್ನ ಶಬ್ದವನ್ನು ವಿರೋಧಿಸಿದವರು ನೀವು. ಏಳು ಮತ ನಿಮ್ಮ ಕಡೆ ಬಿದ್ದವು. ಆದ್ದರಿಂದ ಈ ಸಲ ಪಕ್ಷಪಾತದ ಮಾತು ಯಾರೂ ಎತ್ತುವಂತಿಲ್ಲ ಎಂಬುದು ಸೌಮ್ಯಾ ಅವರ ಲೆಕ್ಕಾಚಾರ. ಮಗಳು ಅಪ್ಪನಿಗೆ ಒತ್ತಾಸೆಯಾಗಿ ನಿಂತಳು ಎಂದು ನಮ್ಮಿಬ್ಬರ ವಿಷಯದಲ್ಲಿ ಯಾರೂ ಹೇಳಲಾರರು. ಅಷ್ಟರ ಮಟ್ಟಿಗೆ ಅವರ ಲೆಕ್ಕ ಸರಿ.

ಧ್ವನಿಮುದ್ರಣಕ್ಕೆ ಮುನ್ನ ಮತ್ತೆ ಪರೀಕ್ಷೆಗೆ ಬಂದಿರುವುದು ಅದೇ ಇಪ್ಪತ್ತನೆಯ ವಚನ. ಮನೆ ಬಿಟ್ಟು ಹೋಗಿ ಎಲ್ಲವನ್ನೂ ಹಾಳುಮಾಡಿಕೊಂಡ ಮಗ ಹಿಂದಿರುಗುತ್ತಿದ್ದಾನೆ. ಅವನು ಇನ್ನೂ ದೂರದಲ್ಲಿರುವಾಗಲೇ ತಂದೆ ನೋಡುತ್ತಾನೆ. ಆಗ ತಂದೆಗೆ ಏನಾಯಿತು ಎಂಬುದಕ್ಕೆ ಗ್ರೀಕಿನಲ್ಲಿ ಒಂದೇ ಕ್ರಿಯಾಪದವಿದೆ, ಎಸ್‌ಪ್ಲಾಂಖ್ನಿಸ್ಥೆ. ಹೊಟ್ಟೆಯ, ಎದೆಯ ಒಳಗಿನ ಅಂಗಗಳಿಗೆ ಗ್ರೀಕರು ಹೇಳುತ್ತಿದ್ದ ಹೆಸರಿನಿಂದ ಹುಟ್ಟಿದ ಪದ. ರೂಪ ಕರ್ಮಣಿ. ತಂದೆ ಅದನ್ನು ಮಾಡಲಿಲ್ಲ, ಅದು ಅವನಿಗೆ ಆಯಿತು. ನಾನು ‘ಅವನಿಗೆ ಕರುಳು ಕಿತ್ತುಬಂದಂತಾಯಿತು’ ಎಂದು ಬರೆದಿದ್ದೇನೆ. ನೀವು ಅಂದು ಹಟ ಹಿಡಿದದ್ದು ‘ಮರುಗಿದನು’ ಎಂಬುದಕ್ಕೆ.

ನಿಯಮ ನಿಮಗೆ ಗೊತ್ತಿದ್ದರೂ ಬರೆಯುತ್ತೇನೆ. ಈ ಕಥೆಯನ್ನು ಮೊದಲು ಕೇಳಿರದ ಹತ್ತು ಮಂದಿ ಬೇಕು. ಒಂದೇ ಸಲ ಓದಿ ಹೇಳಬೇಕು. ಅವರು ತಮ್ಮ ಮಾತಿನಲ್ಲಿ ಮರಳಿ ಹೇಳುವಾಗ ಪರೀಕ್ಷಕರು ನಡುವೆ ಬಾಯಿ ಹಾಕಬಾರದು. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು. ಹತ್ತರಲ್ಲಿ ಎಂಟು ಮಂದಿಗೆ ಅರ್ಥ ದಾಟಿದರೆ ನನ್ನ ಶಬ್ದ ಉಳಿಯುತ್ತದೆ, ಇಲ್ಲವಾದರೆ ನಿಮ್ಮದು. ಅಹಮದಾಬಾದ್, ಸೂರತ್, ವಡೋದರಾ, ಮೂರೂ ಊರುಗಳಲ್ಲಿ ಗೆಲ್ಲಬೇಕು. ಫೋನಿನಲ್ಲಿ ಚರ್ಚೆ ಬೇಡ, ಎಲ್ಲವೂ ಕಾಗದದ ಮೇಲೆ ಇರಲಿ, ಒಂದು ಪ್ರತಿ ಕಾರ್ಯದರ್ಶಿಗೆ ಹೋಗಲಿ ಎಂಬ ನಿಯಮ ತಂದವನು ನಾನೇ. ಅದು ಈಗ ಇಬ್ಬರಿಗೂ ಅನುಕೂಲವಾಗಿದೆ.

ದಿವಾಕರ
ಪ್ರತಿ: ಸೌಮ್ಯಾ, ಪಾಂಡೇಸರಾ, ಸೂರತ್


ಗೋರ್ವಾ, ವಡೋದರಾ
೧೭ ಜನವರಿ ೨೦೨೫

ಮಾನ್ಯ ದಿವಾಕರ ಅವರಿಗೆ,

ನಿಮ್ಮ ಅಕ್ಷರದಲ್ಲಿ ‘ಶ್ರೀಮತಿ’ ಎಂದು ಓದಿ ಕಾಗದ ಬೇರೆ ಯಾರದೋ ಇರಬೇಕು ಅಂದುಕೊಂಡೆ. ಉತ್ತರ ತಡವಾದದ್ದಕ್ಕೆ ಕಾರಣ ಉತ್ತರಾಯಣ. ಮೂರು ದಿನ ಇಡೀ ಊರು ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿತ್ತು, ಅಂಚೆಯವನೂ ಸೇರಿದಂತೆ.

ಈ ಕೆಲಸವನ್ನು ನಾನೂ ಕೇಳಿ ಪಡೆದದ್ದಲ್ಲ. ಆದರೆ ಒಪ್ಪಿಕೊಂಡಿದ್ದೇನೆ. ಗೋರ್ವಾದ ಸುತ್ತ ಕನ್ನಡದ ಮನೆಗಳು ಕಡಿಮೆ. ಕಾರ್ಖಾನೆಯವರು, ರೈಲ್ವೆಯವರು, ಬ್ಯಾಂಕಿನಿಂದ ವರ್ಗವಾಗಿ ಬಂದವರು, ಎಲ್ಲ ಸೇರಿಸಿದರೂ ಹದಿನೈದು ದಾಟುವುದಿಲ್ಲ. ಅವರಲ್ಲಿ ಕೆಲವರು ನಮ್ಮ ಚರ್ಚಿನವರೇ, ಕಥೆ ಬಾಯಿಪಾಠ. ವಿಮಾ ಕಚೇರಿಯಲ್ಲಿ ನನ್ನ ಕೆಲಸ ಮುಗಿಯುವುದು ಸಂಜೆ ಆರಕ್ಕೆ. ಹುಡುಕಲು ಸಮಯ ಬೇಕು.

ವ್ಯಾಕರಣದ ಬಗ್ಗೆ ಒಂದು ಮಾತು. ರೂಪ ಕರ್ಮಣಿ ಆದ ಮಾತ್ರಕ್ಕೆ ಅರ್ಥವೂ ಹಾಗೇ ಇರಬೇಕೆಂದಿಲ್ಲ. ಗ್ರೀಕಿನಲ್ಲಿ ‘ಉತ್ತರಿಸಿದನು’ ಎಂಬುದೂ ಇದೇ ವೇಷ ಹಾಕಿಕೊಂಡು ಬರುತ್ತದೆ. ‘ಅವನಿಗೆ ಉತ್ತರ ಆಯಿತು’ ಎಂದು ನೀವು ಎಲ್ಲಿಯೂ ಬರೆದಿಲ್ಲ. ಇದನ್ನು ನನಗೆ ಕಲಿಸಿದವರು ನೀವೇ, ಊಟಕ್ಕೆ ಕೂತು, ಚಪಾತಿ ತಣ್ಣಗಾಗುತ್ತಿದ್ದರೂ ಬಿಡದೆ.

ಆದರೂ ನನ್ನ ಅಭಿಪ್ರಾಯವನ್ನು ಮನೆಯಲ್ಲಿಟ್ಟು ಪರೀಕ್ಷೆಗೆ ಹೋಗುತ್ತೇನೆ. ಒಂದು ಸಂದೇಹ ಮಾತ್ರ ಇದೆ. ಕೇಳುಗರಿಗೆ ಇಷ್ಟು ವಯಸ್ಸಾಗಿರಬೇಕು ಎಂಬ ನಿಯಮ ಇದೆಯೇ?

ಮಹಿಮಾ
ಪ್ರತಿ: ಸೌಮ್ಯಾ, ಸೂರತ್


ಬೋಪಾಲ್, ಅಹಮದಾಬಾದ್
೨೪ ಜನವರಿ ೨೦೨೫

ಶ್ರೀಮತಿ ಮಹಿಮಾ ಅವರಿಗೆ,

ವಯಸ್ಸಿಗೆ ನಿಯಮವಿಲ್ಲ. ಕನ್ನಡ ಮನೆಮಾತಾಗಿರಬೇಕು, ಅಷ್ಟೇ.

ಅಹಮದಾಬಾದಿನ ಫಲಿತಾಂಶ ಬಂದಿದೆ. ಹತ್ತಕ್ಕೆ ಹತ್ತು. ಬಾಹ್ಯಾಕಾಶ ಸಂಶೋಧನೆಯವರು, ಬ್ಯಾಂಕಿನವರು, ಎಲ್ಲರೂ ನನ್ನ ನೆರೆಯ ಕಟ್ಟಡಗಳವರು. ಸೂರತ್‌ನಲ್ಲಿ ಎಂಟು. ಬಟ್ಟೆಗೆ ಬಣ್ಣ ಹಾಕುವ ಗಿರಣಿಗಳ ಹೆಂಗಸರನ್ನು ಸೌಮ್ಯಾ ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಓದಿದ್ದಾರೆ. ಯಾದಗಿರಿ ಕಡೆಯ ಒಬ್ಬಾಕೆ, “ಕರುಳು ಕಿತ್ತಿ ಬಂದ ಮ್ಯಾಲ ಕಾಲು ನಿಂದರ್ತಾವೇನ್ರಿ?” ಎಂದು ಸೌಮ್ಯಾ ಅವರನ್ನೇ ಕೇಳಿದಳಂತೆ. ಐವತ್ತು ವರ್ಷ ಗ್ರೀಕ್ ಓದಿದವನು ನಾನು. ಈ ವಚನಕ್ಕೆ ಇಷ್ಟು ಒಳ್ಳೆಯ ವ್ಯಾಖ್ಯಾನವನ್ನು ಯಾವ ಗ್ರಂಥದಲ್ಲಿಯೂ ನೋಡಿಲ್ಲ.

‘ಉತ್ತರಿಸಿದನು’ ಎಂಬುದನ್ನು ತಂದು ನನ್ನ ಮುಂದೆ ಇಟ್ಟಿದ್ದೀರಿ. ಪಾಠ ಮರೆತಿಲ್ಲ, ಸಂತೋಷ. ಆದರೆ ಅರ್ಧ ಮಾತ್ರ ನೆನಪಿದೆ. ನಮ್ಮ ಕ್ರಿಯಾಪದ ಸುವಾರ್ತೆಗಳಲ್ಲಿ ಹನ್ನೆರಡು ಸಲ ಬರುತ್ತದೆ. ಬಹುತೇಕ ಕಡೆ ಕ್ರಮ ಒಂದೇ. ಮೊದಲು ಕಣ್ಣಿಗೆ ಬೀಳುತ್ತದೆ, ಆಮೇಲೆ ಇದು ಆಗುತ್ತದೆ, ಕೂಡಲೇ ಕೈಕಾಲು ಕೆಲಸಕ್ಕೆ ಇಳಿಯುತ್ತವೆ. ನಡುವೆ ಯೋಚನೆಗೆ ಜಾಗವೇ ಇಲ್ಲ. ಆ ತಂದೆ ಕೂತು, ಅಳೆದು ತೂಗಿ, ಹೋಗಲಿ ಪಾಪ ಎಂದು ತೀರ್ಮಾನಿಸಲಿಲ್ಲ. ತೀರ್ಮಾನಿಸುವವನು ಓಡುವುದಿಲ್ಲ. ‘ಮರುಗಿದನು’ ಎಂದರೆ ಅವನು ಕುರ್ಚಿಯಲ್ಲಿ ಕೂತುಕೊಂಡೇ ಮರುಗಬಹುದು.

ವಡೋದರಾದಲ್ಲಿಯೂ ನಾನು ಗೆಲ್ಲುತ್ತೇನೆ. ಧ್ವನಿಮುದ್ರಣ ಮಾರ್ಚ್ ಇಪ್ಪತ್ತಕ್ಕೆ. ಫೆಬ್ರವರಿ ಮೂರರಂದು ಸಮಿತಿಯ ಸಭೆಗೆ ಬೆಳಗಿನ ಗಾಡಿಯಲ್ಲಿ ಸೂರತ್‌ಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ನಿಮ್ಮ ವರದಿ ಬಂದರೆ ಒಳ್ಳೆಯದು.

ದಿವಾಕರ
ಪ್ರತಿ: ಸೌಮ್ಯಾ, ಸೂರತ್


ಗೋರ್ವಾ, ವಡೋದರಾ
೧೨ ಫೆಬ್ರವರಿ ೨೦೨೫

ಮಾನ್ಯ ದಿವಾಕರ ಅವರಿಗೆ,

ನಿಮ್ಮ ಸಭೆಯ ಹೊತ್ತಿಗೆ ವರದಿ ಸಿದ್ಧವಾಗಲಿಲ್ಲ, ಕ್ಷಮಿಸಿ. ಮೂರನೆಯ ತಾರೀಖು ಬೆಳಗಿನ ಗಾಡಿ ವಡೋದರಾಕ್ಕೆ ಸರಿಯಾದ ವೇಳೆಗೆ ಬಂತು.

ಬೋಪಾಲ್‌ನಲ್ಲಿ ಹತ್ತಕ್ಕೆ ಹತ್ತು ಬಂದದ್ದಕ್ಕೆ ಅಭಿನಂದನೆ. ನಿಮ್ಮ ನೆರೆಯವರಲ್ಲಿ ನಿಮಗೆ ಎದುರಾಡುವ ಧೈರ್ಯ ಇದ್ದವರು ಒಬ್ಬರಾದರೂ ಇದ್ದರೇ ಎಂದು ಕೇಳಲು ನಿಯಮದಲ್ಲಿ ಅವಕಾಶವಿಲ್ಲ, ಹಾಗಾಗಿ ಕೇಳುವುದಿಲ್ಲ.

ಇಲ್ಲಿಯ ಫಲಿತಾಂಶ ಹೀಗಿದೆ. ಮೊದಲ ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ದಾಟಿದೆ. ಗದಗದಿಂದ ಬಂದ ಗಿರಿಜಾ, ಗಂಡ ಕಾರ್ಖಾನೆಯಲ್ಲಿ ಫಿಟ್ಟರ್, ಹೇಳಿದ್ದು: “ಅಪ್ಪ ಬೈಬೇಕಂತ ಏನೇನೋ ಜೋಡಿಸಿ ಇಟ್ಕೊಂಡಿದ್ನೋ ಏನೋ. ಮಗನ ಮಾರಿ ನೋಡಿದ ಕೂಡ್ಲೇ ಕರುಳ ಕಿತ್ತಿ ಬಂದಂಗಾತು. ಇನ್ನ ಬಾಯಾಗ ಬೈಗುಳ ಎಲ್ಲಿ ಉಳಿತಾವ್ರಿ?” ಉಳಿದ ಆರು ಮಂದಿಯ ಮಾತು ಜೊತೆಯ ಹಾಳೆಗಳಲ್ಲಿದೆ. ದಾಟದಿರುವುದು ಇಬ್ಬರಿಗೆ. ಮೈಸೂರಿನ ಕೃಷ್ಣರಾಜ, ಬ್ಯಾಂಕ್ ಅಧಿಕಾರಿ: “ಅಷ್ಟೆಲ್ಲಾ ಏನಿಲ್ಲ ಮೇಡಂ, ಅಪ್ಪಂಗೆ ಸ್ವಲ್ಪ ಪಾಪ ಅನ್ಸಿರುತ್ತೆ.” ಅವರ ಹೆಂಡತಿಯೂ ಪಕ್ಕದಲ್ಲಿ ಕೂತು ಅದನ್ನೇ ಹೇಳಿದರು.

ಕ್ರಮಸಂಖ್ಯೆ ಹತ್ತು: ಅದಿತಿ, ಗೋರ್ವಾ, ಐದು ವರ್ಷ ಎರಡು ತಿಂಗಳು. ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ: “ಮಗ ಘರೇ ಬರ್ತಿದ್ದ. ದೂರ ಇದ್ದ. ಅಪ್ಪ ನೋಡಿದ. ಅಪ್ಪಗ ಪೇಟ್‌ಮಾ ಒಳಗ ಎಳದಂಗ ಆತು. ಪಛೀ ಅಪ್ಪ ದೋಡ್ಯಾ. ಹಿಂಗ, ಸಡಸಡಾಟ್. ದೀಕ್ರಾನ್ನ ಹಿಡ್ಕೊಂಡ.” ಆಮೇಲೆ ಒಂದು ಪ್ರಶ್ನೆ ಕೇಳಿದಳು, ಅದನ್ನೂ ಬರೆದುಕೊಂಡೆ: “ಅಪ್ಪ ಮನ್ಯಾಗ ಕೂತಿದ್ದ ಕೇಮ್? ತಾನೇ ಹೋಗಿ ಕರ್ಕೊಂಡ್ ಬರಬೇಕಿತ್ತಲ್ಲಾ?” (ಕಡತಕ್ಕಾಗಿ: ಘರೇ ಎಂದರೆ ಮನೆಗೆ, ಪೇಟ್‌ಮಾ ಹೊಟ್ಟೆಯಲ್ಲಿ, ಪಛೀ ಆಮೇಲೆ, ದೋಡ್ಯಾ ಓಡಿದ, ದೀಕ್ರಾ ಮಗ, ಕೇಮ್ ಯಾಕೆ.)

ನನ್ನ ತೀರ್ಪಿನಲ್ಲಿ ಇವಳಿಗೆ ದಾಟಿದೆ. ಹಾಗಾದರೆ ಎಂಟಾಯಿತು, ನಿಮ್ಮ ಶಬ್ದ ಉಳಿಯಿತು. ಪ್ರತಿಯೊಬ್ಬ ಕೇಳುಗರ ಹಾಳೆಗೂ ಭಾಷಾಂತರಕಾರರ ಸಹಿ ಬೇಕು. ಹತ್ತನೆಯ ಹಾಳೆಯನ್ನು ದಯವಿಟ್ಟು ನಿಧಾನವಾಗಿ ಓದಿ.

ಮಹಿಮಾ
ಪ್ರತಿ: ಸೌಮ್ಯಾ, ಸೂರತ್


ಬೋಪಾಲ್, ಅಹಮದಾಬಾದ್
೧೮ ಫೆಬ್ರವರಿ ೨೦೨೫

ಶ್ರೀಮತಿ ಮಹಿಮಾ ಅವರಿಗೆ,

ಒಂಬತ್ತು ಹಾಳೆಗಳಿಗೆ ಸಹಿ ಹಾಕಿದ್ದೇನೆ. ಹತ್ತನೆಯದನ್ನು ನಿಧಾನವಾಗಿಯೇ ಓದಿದೆ, ಎರಡು ಸಲ ಓದಿದೆ. ಓದಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ.

ಮೂರು ಸಾಲಿನಲ್ಲಿ ಏಳು ಗುಜರಾತಿ ಪದಗಳು. ಕನ್ನಡ ಮನೆಮಾತಾಗಿರಬೇಕು ಎಂದು ನಾನು ಸ್ಪಷ್ಟವಾಗಿ ಬರೆದಿದ್ದೆ. ಈ ಮಗುವಿನ ಮನೆಮಾತು ಕನ್ನಡ ಎಂದು ಯಾರು ಒಪ್ಪುತ್ತಾರೆ? ತಂದೆತಾಯಿ ಯಾರೋ ಕಾಣೆ. ಮಗುವಿಗೆ ನೆಟ್ಟಗೆ ನಾಲ್ಕು ಮಾತು ಕಲಿಸುವಷ್ಟು ವ್ಯವಧಾನ ಅವರಿಗೆ ಇದ್ದಂತಿಲ್ಲ. ಆ ಮನೆಯಲ್ಲಿ ಅಜ್ಜ ಅಜ್ಜಿ ಅನ್ನುವವರು ಯಾರೂ ಇಲ್ಲವೇ? ಇರಲಿ, ಅದು ಅವರ ಮನೆಯ ವಿಷಯ, ನಮ್ಮದಲ್ಲ.

ಕೊನೆಯ ಪ್ರಶ್ನೆ ಭಾಷಾಂತರಕ್ಕೆ ಸಂಬಂಧಿಸಿದ್ದಲ್ಲ. ಅದನ್ನು ದಾಖಲಿಸುವ ಅಗತ್ಯವೇ ಇರಲಿಲ್ಲ.

ಈ ಮಗುವನ್ನು ಸೇರಿಸಿದರೆ ನಾನು ಗೆಲ್ಲುತ್ತೇನೆ ಎಂಬುದು ನನಗೂ ಕಾಣುತ್ತದೆ. ನೀವು ಯಾಕೆ ಸೇರಿಸಿದಿರಿ ಎಂಬುದು ಮಾತ್ರ ಕಾಣುತ್ತಿಲ್ಲ. ನನ್ನ ಮೇಲೆ ದಯೆ ತೋರಿಸಲು ಹೊರಟಿದ್ದರೆ ಅದು ಬೇಡ. ಐದು ವರ್ಷದ ಕೂಸಿನ ಬಲದಿಂದ ಗೆದ್ದರು ಎಂದು ಮುಂದಿನ ಸಭೆಯಲ್ಲಿ ಎದ್ದು ನಿಂತು ಹೇಳುವ ಏರ್ಪಾಡಾದರೆ, ಅದಕ್ಕೆ ನಾನು ಸಿಕ್ಕುವವನಲ್ಲ. ನನ್ನ ಶಬ್ದ ಸೋತರೆ ಸೋಲಲಿ, ನಿಯಮ ಸೋಲಬಾರದು. ಮಾರ್ಚ್ ಹದಿನೈದರೊಳಗೆ ಸರಿಯಾದ ಹತ್ತನೆಯ ಕೇಳುಗರನ್ನು ಹುಡುಕಿ. ನನಗೇನೂ ಭಯವಿಲ್ಲ.

ದಿವಾಕರ
ಪ್ರತಿ: ಸೌಮ್ಯಾ, ಸೂರತ್


ಗೋರ್ವಾ, ವಡೋದರಾ
೯ ಮಾರ್ಚ್ ೨೦೨೫

ಅಪ್ಪಾ,

ಈ ಪತ್ರದ ಪ್ರತಿ ಯಾರಿಗೂ ಇಲ್ಲ. ಲಕೋಟೆ ಮಾತ್ರ ಸಮಿತಿಯದು, ಅದರ ಮೇಲೆ ಸಮಿತಿಯ ಮೊಹರು ಹಾಕಿದ್ದೇನೆ. ಇಲ್ಲದಿದ್ದರೆ ನೀವು ಒಡೆಯುವುದಿಲ್ಲ.

ಮೂರು ವಾರ ಉತ್ತರ ಬರೆಯಲಿಲ್ಲ. ಹತ್ತನೆಯ ಕೇಳುಗರನ್ನು ಹುಡುಕುತ್ತಿದ್ದೇನೆ ಎಂದು ನೀವು ಅಂದುಕೊಂಡಿರಬಹುದು. ಹುಡುಕಲಿಲ್ಲ. ನಿಮ್ಮ ಪತ್ರವನ್ನು ಅಡುಗೆಮನೆಯ ಡಬ್ಬಿಯೊಂದರಲ್ಲಿ ಹಾಕಿ ಮುಚ್ಚಿಟ್ಟಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಆ ಮಗುವಿನ ತಂದೆತಾಯಿ ಯಾರು ಎಂದು ಕೇಳಿದ್ದೀರಿ. ತಾಯಿ ನಾನು, ತಂದೆ ನಿತಿನ್. ಆ ಮನೆಯಲ್ಲಿ ಅಜ್ಜ ಇಲ್ಲವೇ ಎಂದೂ ಕೇಳಿದ್ದೀರಿ. ಇದ್ದಾರೆ, ಬೋಪಾಲ್‌ನಲ್ಲಿ. ೨೦೧೯ರ ಡಿಸೆಂಬರಿನಲ್ಲಿ ಅದಿತಿ ಹುಟ್ಟಿದಾಗ ಆಸ್ಪತ್ರೆಯ ಹಾಸಿಗೆಯಲ್ಲೇ ಕೂತು ನಿಮಗೆ ಪತ್ರ ಬರೆದಿದ್ದೆ. ನಿಮ್ಮ ಕೈಬರಹದಲ್ಲಿ ‘ತೆಗೆದುಕೊಳ್ಳಲಿಲ್ಲ’ ಎಂದು ಬರೆಸಿಕೊಂಡು ಅದು ಹಿಂದಿರುಗಿ ಬಂತು. ಮಗುವಿಗೆ ಆಗ ಹನ್ನೆರಡು ದಿನ. ನಿತಿನ್ ಬಾಗಿಲಲ್ಲಿ ಇಸಿದುಕೊಂಡು, ಕನ್ನಡ ಓದಲು ಬಾರದಿದ್ದರೂ ಅರ್ಥ ಮಾಡಿಕೊಂಡು, ಎರಡು ದಿನ ನನಗೆ ಕಾಣದಂತೆ ಇಟ್ಟಿದ್ದರು. ಒಂದು ಕ್ರಿಯಾಪದಕ್ಕಾಗಿ ಯಾರಾದರೂ ಮಗಳನ್ನು ಬಿಡುತ್ತಾರೆಯೇ ಎಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ನನಗೆ ಅರ್ಥವಾಗಿತ್ತು. ಸೋತದ್ದಕ್ಕಿಂತ ಸೋಲಿಸಿದವಳು ನಾನು ಎಂಬುದು ನಿಮಗೆ ಹೆಚ್ಚು ನೋವಾಗಿತ್ತು.

ಸಮಿತಿ ಈ ಕೆಲಸ ಕೊಟ್ಟಾಗ ಒಪ್ಪಿಕೊಂಡದ್ದು ನಿಮ್ಮ ಶಬ್ದಕ್ಕಾಗಿ ಅಲ್ಲ. ಸಮಿತಿಯ ಕಾಗದವನ್ನು ನೀವು ಓದದೆ ಇರಲಾರಿರಿ ಎಂಬುದಕ್ಕಾಗಿ. ಪರೀಕ್ಷಕರ ಮನೆಯವರು ಕೇಳುಗರಾಗಬಾರದು ಎಂದು ನನಗೆ ಗೊತ್ತು. ತಪ್ಪು ನನ್ನದೇ. ಆದರೆ ಅವಳ ಮಾತನ್ನು ನಿಮಗೆ ಒಂದು ಸಲವಾದರೂ ಓದಿಸಬೇಕಿತ್ತು, ನನಗೆ ಬೇರೆ ದಾರಿ ತೋಚಲಿಲ್ಲ. ಅವಳಿಗೆ ಕನ್ನಡ ಕಡಿಮೆ, ನಿಜ. ಶಾಲೆಯಲ್ಲಿ ಗುಜರಾತಿ, ಅಪ್ಪನ ಜೊತೆ ಗುಜರಾತಿ. ಕನ್ನಡ ಆಡಲು ಅವಳಿಗಿರುವುದು ನಾನೊಬ್ಬಳೇ, ಅದೂ ಸಂಜೆ ಆರರ ಮೇಲೆ.

ಇನ್ನೂ ಒಂದು ವಿಷಯ. ಫೆಬ್ರವರಿ ಮೂರರಂದು ಅವಳನ್ನು ಶಾಲೆ ತಪ್ಪಿಸಿ ಸ್ಟೇಷನ್ನಿಗೆ ಕರೆದುಕೊಂಡು ಬಂದಿದ್ದೆ. ನೀವು ಕಿಟಕಿಯ ಪಕ್ಕ ಇದ್ದಿರಿ. ಮುಖಕ್ಕೆ ಅಡ್ಡವಾಗಿ ಪತ್ರಿಕೆ ಹಿಡಿದಿದ್ದಿರಿ. ನನಗೆ ಕಂಡದ್ದು ನಿಮ್ಮ ಎರಡು ಕೈ ಮಾತ್ರ, ಅವುಗಳಿಂದಲೇ ಗುರುತು ಹಿಡಿದೆ. ಅವು ಅಷ್ಟು ಸೊರಗಿವೆ ಎಂದು ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ನಿಮಗೆ ಏನೇನು ಹೇಳಬೇಕು ಎಂದು ನಾನೂ ಜೋಡಿಸಿ ಇಟ್ಟುಕೊಂಡಿದ್ದೆ. ಆ ಕ್ಷಣ ನನಗೆ ಆದದ್ದನ್ನು ‘ಮರುಗಿದೆ’ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಶಬ್ದವೇ ಸರಿ ಅಪ್ಪಾ. ಅದು ನಾನು ಮಾಡಿದ್ದಲ್ಲ, ನನಗೆ ಆದದ್ದು. ಆದರೂ ಗಾಜು ತಟ್ಟಲಿಲ್ಲ. ನೀವು ಪತ್ರಿಕೆ ಇಳಿಸದೆ ಹೋದರೆ ಮಗುವಿಗೆ ಏನು ಹೇಳಲಿ ಎಂದು ಹೆದರಿದೆ. ಗಾಡಿ ಹೊರಟಿತು.

ಸೌಮ್ಯಾ ಅವರಿಗೆ ನಡೆದದ್ದನ್ನು ತಿಳಿಸಿದ್ದೇನೆ. ಕಥೆ ಕೇಳಿರದ ಕನ್ನಡದವರು ಇಲ್ಲಿ ಇನ್ನು ಯಾರೂ ಉಳಿದಿಲ್ಲ, ಹಾಗಾಗಿ ಒಂಬತ್ತರಲ್ಲಿ ಏಳು ಎಂದರೆ ನಿಮ್ಮ ಶಬ್ದ ಸೋತಂತೆ. ಈ ಸಲ ಸೋಲಿಸಿದ್ದು ನಾನಲ್ಲ.

ಮಹಿಮಾ


ಗೋರ್ವಾ, ವಡೋದರಾ
೧೬ ಮಾರ್ಚ್ ೨೦೨೫, ಭಾನುವಾರ, ಬೆಳಗ್ಗೆ ಹನ್ನೊಂದು

ಮಹಿಮಾ,

ಇದನ್ನು ನಿನ್ನ ಕಟ್ಟಡದ ಕೆಳಗೆ, ಕಾವಲುಗಾರನ ಕುರ್ಚಿಯಲ್ಲಿ ಕೂತು, ಪರೀಕ್ಷೆಯ ಖಾಲಿ ಹಾಳೆಯ ಹಿಂದೆ ಬರೆಯುತ್ತಿದ್ದೇನೆ. ವಿಳಾಸ ಸಮಿತಿಯ ಕಡತದಲ್ಲಿತ್ತು. ನಿಮ್ಮ ಲಿಫ್ಟ್ ಕೆಟ್ಟಿದೆ. ನಾಲ್ಕು ಮಹಡಿಯಲ್ಲಿ ಎರಡು ಹತ್ತಿದೆ, ಮೊಣಕಾಲು ಒಪ್ಪಲಿಲ್ಲ, ಇಳಿದು ಬಂದೆ. ಚೀಟಿಯನ್ನು ಕಾವಲುಗಾರ ತರುತ್ತಾನೆ.

ನಿನ್ನ ಪತ್ರ ಮೊನ್ನೆ ಬಂತು. ಅದನ್ನು ಓದಿದಾಗಿನಿಂದ ನಾನು ಸರಿಯಾಗಿ ಉಂಡಿಲ್ಲ. ಹತ್ತನೆಯ ಹಾಳೆಯ ಮೇಲೆ ನಾನು ಎಳೆದ ಕೆಂಪು ಗೆರೆ ಕಣ್ಣು ಮುಚ್ಚಿದರೂ ಕಾಣುತ್ತಿದೆ. ಏಳು ಗುಜರಾತಿ ಪದ ಎಣಿಸಿದೆ, ನಿಜ. ‘ಒಳಗ ಎಳದಂಗ ಆತು’ ಎಂಬುದು ನಮ್ಮ ಧಾರವಾಡದ ಮನೆಯ ಮಾತು, ನಿನ್ನ ಅವ್ವ ಆಡುತ್ತಿದ್ದ ಮಾತು. ಅದು ನನ್ನ ಕಿವಿಗೆ ಬೀಳಲೇ ಇಲ್ಲ. ಗ್ರೀಕಿನಲ್ಲಿ ಒಂದು ಸ್ವರ ಆಚೀಚೆಯಾದರೆ ಹಿಡಿಯುವ ಮನುಷ್ಯ ನಾನು. ನನಗೆ ನಾಚಿಕೆಯಾಗಿದೆ ಮಗಳೇ.

ಸೂರತ್‌ಗೆ ಹೋಗುವಾಗಲೆಲ್ಲ ಗಾಡಿ ವಡೋದರಾದಲ್ಲಿ ನಿಂತ ಕೂಡಲೇ ಪತ್ರಿಕೆ ಎತ್ತಿ ಹಿಡಿಯುತ್ತಿದ್ದೆ. ಏಳು ವರ್ಷದಲ್ಲಿ ಆ ನಿಲ್ದಾಣದಲ್ಲಿ ಒಂದು ಸಾಲನ್ನೂ ಓದಿಲ್ಲ. ಪತ್ರಿಕೆ ಇಳಿಸಿದರೆ ನೀನು ಕಂಡುಬಿಡುತ್ತೀಯ, ಕಂಡರೆ ಇಳಿದುಬಿಡುತ್ತೇನೆ ಎಂದು ಗೊತ್ತಿತ್ತು. ಆ ಕ್ರಿಯಾಪದ ಹೇಗೆ ಕೆಲಸ ಮಾಡುತ್ತದೆ ಎಂದು ಚೆನ್ನಾಗಿ ತಿಳಿದವನಾದ್ದರಿಂದಲೇ ಕಣ್ಣಿಗೆ ಅಡ್ಡ ಹಿಡಿದಿದ್ದೆ. ಓಡಿ ಬರಬೇಕಾದವನು ನಾನಾಗಿದ್ದೆ. ಬರಲಿಲ್ಲ. ಕ್ಷಮಿಸು ಎಂದು ಕೇಳಲೂ ನಾಚಿಕೆ, ಆದರೂ ಕೇಳುತ್ತಿದ್ದೇನೆ.

‘ಮರುಗಿದನು’ ಎಂದೇ ಧ್ವನಿಮುದ್ರಿಸಿ ಎಂದು ಸೌಮ್ಯಾಗೆ ನಿನ್ನೆ ಬರೆದು ಹಾಕಿದ್ದೇನೆ. ನಿಯಮ ನಿಯಮವೇ. ನನ್ನ ಶಬ್ದ ಸರಿ ಎಂಬುದರಲ್ಲಿ ನನಗೆ ಈಗಲೂ ಎಳ್ಳಷ್ಟೂ ಅನುಮಾನವಿಲ್ಲ. ನೀನು ಒಪ್ಪಿದ್ದೀಯ, ನನಗೆ ಅದು ಸಾಕು.

ನಿತಿನ್ ಮನೆಯಲ್ಲಿದ್ದರೆ ನನ್ನ ನಮಸ್ಕಾರ ತಿಳಿಸು. ನನ್ನ ಗುಜರಾತಿ ಚೆನ್ನಾಗಿಲ್ಲ, ಮಗುವಿಂದ ಕಲಿಯುತ್ತೇನೆ ಎಂದೂ ಹೇಳು.

ಇಲ್ಲಿ ಗೇಟಿನ ಬಳಿ ಐದಾರು ಹುಡುಗಿಯರು ಆಡುತ್ತಿದ್ದಾರೆ, ಎಲ್ಲರೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಇಷ್ಟು ಹೊತ್ತೂ ಒಬ್ಬೊಬ್ಬಳನ್ನೇ ನೋಡುತ್ತಾ ಕೂತಿದ್ದೇನೆ. ಇವರಲ್ಲಿ ನಮ್ಮ ಅದಿತಿ ಯಾರು ಎಂದು ನನಗೆ ಗೊತ್ತಾಗುತ್ತಿಲ್ಲ. ಕೆಳಗೆ ಬಂದು ತೋರಿಸು.

ಅಪ್ಪ